ಕಾಣದ ಸವೆತಕ್ಕೆ ಯಾರು ಹೊಣೆ?

ಹೊಡೆದವನ ಕೈಯೂ ಹೊಡೆಸಿಕೊಂಡವನ ಗಾಯವೂ ಒಂದೇ ಕಡೆ ಒಂದೇ ಹೊತ್ತಿನಲ್ಲಿ ಕಂಡಾಗ ತಪ್ಪು ಯಾರದೆಂದು ತೀರ್ಮಾನಿಸುವುದು ಕಷ್ಟವಲ್ಲ. ಊರಿನ ಹಿರಿಯರು ಜಗಲಿಯ ಮೇಲೆ ಕುಳಿತು ಅರ್ಧ ಗಂಟೆಯಲ್ಲಿ ಅಂತಹ ವ್ಯಾಜ್ಯವನ್ನು ಇತ್ಯರ್ಥ ಮಾಡಬಲ್ಲರು. ಆದರೆ ಇಂದು ಮಾಡಿದ ಕೆಲಸದ ಹಾನಿಯು ಇಂದು ಕಾಣದೆ, ಐದೋ ಹತ್ತೋ ವರ್ಷಗಳ ಮೇಲೆ, ಮಾಡಿದವನ ಮನೆಯನ್ನು ಬಿಟ್ಟು ಬೇರೊಬ್ಬನ ಮನೆಯ ಅಂಗಳದಲ್ಲಿ ಕಾಣಿಸಿಕೊಂಡರೆ ಅದಕ್ಕೆ ಹೊಣೆ ಯಾರು? ಮಾಡಿದವನಿಗೆ ತಾನು ಮಾಡಿದುದು ನೆನಪಿನಲ್ಲಿಯೂ ಇರುವುದಿಲ್ಲ. ಅನುಭವಿಸುವವನಿಗೆ ತನ್ನ ಕಷ್ಟಕ್ಕೆ ಕಾರಣನಾದವನ ಹೆಸರೇ ತಿಳಿದಿರುವುದಿಲ್ಲ. ನಡುವೆ ಯಾರೂ ಯಾರಿಗೂ ಸುಳ್ಳು ಹೇಳಿರುವುದಿಲ್ಲ. ಆದರೂ ಅನ್ಯಾಯವೊಂದು ನಡೆದುಹೋಗಿರುತ್ತದೆ.

ಇದನ್ನು ವಿಚಾರಿಸಲು ದೊಡ್ಡ ದೊಡ್ಡ ದೃಷ್ಟಾಂತಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅರಕಲಗೂಡು ತಾಲ್ಲೂಕಿನ ಕೊಣನೂರಿನ ಸುತ್ತಲಿನ ಯಾವುದಾದರೊಂದು ಹಳ್ಳಿಯಲ್ಲಿ, ಮಾಗಿಯ ಚಳಿಯ ಮುಂಜಾವಿನಲ್ಲಿ, ಹಳೆಯ ಡೀಸೆಲ್ ಟ್ರ್ಯಾಕ್ಟರೊಂದನ್ನು ಎಬ್ಬಿಸುವ ಕೆಲಸವನ್ನು ನಿಂತು ನೋಡಿದರೆ ಸಾಕು. ವಿಷಯವು ಒಂದು ಧಾರ್ಮಿಕ ಮಾಸಪತ್ರಿಕೆಗೆ ತೀರ ಲೌಕಿಕವೆಂದು ಕೆಲವರಿಗೆ ತೋರಬಹುದು. ಕಾಯಕವನ್ನು ಗೌರವಿಸುವ ಪರಂಪರೆಯಲ್ಲಿ ಬೆಳೆದ ಓದುಗರು ಹಾಗೆ ಭಾವಿಸಲಾರರೆಂದು ನನ್ನ ನಂಬಿಕೆ.

ಕೊಣನೂರು ಕಾವೇರಿಯ ದಂಡೆಯ ಊರು. ಮಾರ್ಗಶಿರ ಪುಷ್ಯ ಮಾಸಗಳಲ್ಲಿ ಹೊಳೆಯ ಮೇಲಿನಿಂದ ಎದ್ದ ಮಂಜು ಗದ್ದೆಯ ಬಯಲನ್ನೆಲ್ಲ ತುಂಬಿಕೊಂಡು ಹೊತ್ತೇರುವವರೆಗೆ ಕರಗುವುದಿಲ್ಲ. ಟ್ರ್ಯಾಕ್ಟರಿಗೆ ಬಿಡುವಿಲ್ಲದ ಕೆಲಸವಿರುವುದೂ ಆ ತಿಂಗಳುಗಳಲ್ಲಿಯೇ. ರಾಗಿಯ ತೆನೆ ಕಣಕ್ಕೆ ಬರಬೇಕು. ನಾಲೆಯ ಕೆಳಗಿನ ಭತ್ತವನ್ನು ಕೊಯ್ದು ಒಕ್ಕಣೆ ಮಾಡಬೇಕು. ಹದ ಮಾಡಿದ ಹೊಗೆಸೊಪ್ಪನ್ನು ರಾಮನಾಥಪುರದ ಹರಾಜು ಮಾರುಕಟ್ಟೆಗೆ ಸಾಗಿಸಬೇಕು. ತೆರವಾದ ಹೊಲದಲ್ಲಿ ಮಾಗಿ ಉಳುಮೆಯಾಗಬೇಕು. ಆರು ಗಂಟೆಗೆ ಹೊರಡಬೇಕಾದ ಗಾಡಿ ಎಂಟು ಗಂಟೆಯವರೆಗೆ ಕೊಟ್ಟಿಗೆಯಲ್ಲಿಯೇ ನಿಂತರೆ ಕರೆದು ತಂದ ಹತ್ತು ಆಳುಗಳು ಕೈಕಟ್ಟಿ ನಿಲ್ಲಬೇಕಾಗುತ್ತದೆ. ಆಗ ಎಲ್ಲರ ಸಿಟ್ಟೂ ಎಂಜಿನ್ನಿನ ಮೇಲೆ. ಎಂಜಿನ್ನು ಕೇಳಿಸಿಕೊಳ್ಳುವುದಿಲ್ಲವಾದುದರಿಂದ ಬೇಗನೆ ಡ್ರೈವರನ ಮೇಲೆ.

ನಮ್ಮ ದೇಶದಲ್ಲಿ ಟ್ರ್ಯಾಕ್ಟರ್ ತಯಾರಿಕೆಯ ಲೆಕ್ಕವನ್ನು 1959ರಲ್ಲಿ ಫರೀದಾಬಾದಿನಿಂದ ಹೊರಬಂದ ಐಷರ್ ಟ್ರ್ಯಾಕ್ಟರಿನಿಂದ ಹಿಡಿಯುತ್ತಾರೆ. ಅನಂತರ ಮದರಾಸಿನ ಟಾಫೆಯವರ ಮ್ಯಾಸಿ ಫರ್ಗ್ಯುಸನ್ ಬಂದಿತು, ಮಹೀಂದ್ರದವರ ಇಂಟರ್‌ನ್ಯಾಷನಲ್ ಬಂದಿತು. ಬೆಂಗಳೂರಿನಲ್ಲಿ 1953ರಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆಯು 1970ರ ದಶಕದ ಆರಂಭದಿಂದ ಹರಿಯಾಣದ ಪಿಂಜೋರಿನಲ್ಲಿ, ಚೆಕೊಸ್ಲೊವಾಕಿಯದ ಜೆಟರ್ ಕಂಪನಿಯ ಸಹಯೋಗದಿಂದ, ಟ್ರ್ಯಾಕ್ಟರುಗಳನ್ನು ತಯಾರಿಸತೊಡಗಿತು. 1974ರಲ್ಲಿ ಪಂಜಾಬಿನಿಂದ ಸ್ವರಾಜ್ ಬಂದಿತು. ಪಿಂಜೋರಿನ ಆ ಟ್ರ್ಯಾಕ್ಟರ್ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ಒಪ್ಪಿಗೆ ಕೊಟ್ಟಿತು. ಹೆತ್ತ ಮನೆಯೇ ಮುಚ್ಚಿದ ಮೇಲೂ ಮಕ್ಕಳು ದುಡಿಯುತ್ತಲೇ ಇರುವಂತೆ ಇಂತಹ ಮೂವತ್ತು ನಲವತ್ತು ವರ್ಷಗಳ ಯಂತ್ರಗಳು ಹಳ್ಳಿಗಳಲ್ಲಿ ಇನ್ನೂ ಉಳಿದಿವೆ. ಅವು ಈಗ ಮೂರನೆಯ ನಾಲ್ಕನೆಯ ಯಜಮಾನನ ಕೈಯಲ್ಲಿವೆ. ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ವಿಚಾರವೆಲ್ಲ ಇದನ್ನೇ ಅವಲಂಬಿಸಿದೆ.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ ಇರುವುದಿಲ್ಲ. ಪಿಸ್ಟನ್ ಮೇಲಕ್ಕೆ ಬರುವಾಗ ಸಿಲಿಂಡರಿನೊಳಗಿನ ಗಾಳಿಯನ್ನು ಹದಿನಾರು ಹದಿನೆಂಟರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಹಾಗೆ ಒತ್ತಿದ ಗಾಳಿ ಆ ಒತ್ತಡದಿಂದಲೇ ಕಾಯುತ್ತದೆ. ಸೈಕಲ್ಲಿನ ಟ್ಯೂಬಿಗೆ ಗಾಳಿ ಹೊಡೆಯುವಾಗ ಪಂಪಿನ ಬುಡ ಬಿಸಿಯಾಗುವುದನ್ನು ಎಲ್ಲರೂ ಕಂಡಿದ್ದಾರೆ. ಇಲ್ಲಿ ನಡೆಯುವುದೂ ಅದೇ, ಬಹುಪಾಲು ಹೆಚ್ಚಾಗಿ. ಚೆನ್ನಾಗಿರುವ ಎಂಜಿನ್ನಿನಲ್ಲಿ ಆ ಗಾಳಿಯ ಶಾಖ 500 ಡಿಗ್ರಿಯನ್ನು ದಾಟುತ್ತದೆ. ಆ ಗಳಿಗೆಯಲ್ಲಿ ನಾಝಲ್ ಮೂಲಕ ಹನಿ ಹನಿಯಾಗಿ ಸಿಡಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಜರ್ಮನಿಯ ರುಡಾಲ್ಫ್ ಡೀಸೆಲ್ ಈ ತತ್ತ್ವದ ಮೇಲೆ ನಡೆಯುವ ಎಂಜಿನ್ನನ್ನು 1897ರಲ್ಲಿ ಔಗ್ಸ್‌ಬರ್ಗಿನಲ್ಲಿ ನಡೆಸಿ ತೋರಿಸಿದನು. ಹೊರಗಿನ ಬೆಂಕಿಯನ್ನು ಬೇಡದೆ ತನ್ನ ಉಸಿರನ್ನೇ ಬಿಗಿಹಿಡಿದು ಬೆಂಕಿ ಮಾಡಿಕೊಳ್ಳುವ ಯಂತ್ರವದು.

ಈ ಯಂತ್ರಕ್ಕೆ ಚಳಿಯಲ್ಲಿ ಆಗುವ ತೊಂದರೆ ಒಂದೇ ತೆರನದಲ್ಲ. ರಾತ್ರಿಯೆಲ್ಲ ತಣ್ಣಗಾದ ಎಂಜಿನ್ ಆಯಿಲು ಜೇನಿನಂತೆ ಮಂದವಾಗಿರುತ್ತದೆ. ಬ್ಯಾಟರಿಯ ಶಕ್ತಿಯೂ ಚಳಿಗೆ ಕುಗ್ಗಿರುತ್ತದೆ. ಹೀಗಾಗಿ ಸೆಲ್ಫ್ ಎಂಜಿನ್ನನ್ನು ನಿಧಾನವಾಗಿ ತಿರುಗಿಸುತ್ತದೆ. ನಿಧಾನವಾಗಿ ಒತ್ತಿದ ಗಾಳಿಗೆ ರಿಂಗುಗಳ ಸಂದಿಯಲ್ಲಿ ತಪ್ಪಿಸಿಕೊಳ್ಳಲು ಸಮಯ ಸಿಗುತ್ತದೆ. ಹುಟ್ಟಿದ ಶಾಖವನ್ನು ತಣ್ಣನೆಯ ಕಬ್ಬಿಣವು ಹೀರಿಕೊಳ್ಳುತ್ತದೆ. ಡೀಸೆಲ್ ಒಳಗೆ ಬಿದ್ದರೂ ಹೊತ್ತಿಕೊಳ್ಳುವುದಿಲ್ಲ. ಹೊಗೆಕೊಳವೆಯಿಂದ ಬಿಳಿಯ ಹೊಗೆ ಬರುತ್ತದೆ. ಅದು ಸುಡದೆ ಉಳಿದ ಎಣ್ಣೆ.

ಇಷ್ಟನ್ನು ಹೇಳಿದ ಮೇಲೆ ಚಳಿಯ ಪಾಲೆಷ್ಟು, ಯಂತ್ರದ ಪಾಲೆಷ್ಟು ಎಂದು ಕೇಳಬೇಕು. ನಮ್ಮ ಕಡೆಯ ಚಳಿ ಎಷ್ಟರದು? ಹಾಸನದ ಸೀಮೆಯಲ್ಲಿ ಮಾಗಿಯ ಮುಂಜಾವಿನ ಉಷ್ಣತೆ ಸಾಮಾನ್ಯವಾಗಿ 12–14 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಲಡಾಖಿನಲ್ಲಿ ಡೀಸೆಲ್ಲೇ ಟ್ಯಾಂಕಿನಲ್ಲಿ ಹೆಪ್ಪುಗಟ್ಟುತ್ತದೆ. ಸೊನ್ನೆಗಿಂತ 33 ಡಿಗ್ರಿ ಕೆಳಗೂ ಹರಿಯುವ ವಿಶೇಷ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಸಂಸ್ಥೆ 2019ರಲ್ಲಿ ಅಲ್ಲಿಗೆ ಒದಗಿಸತೊಡಗಿತು. ಕಾವೇರಿಯ ದಂಡೆಯಲ್ಲಿ ಅಂತಹ ಪ್ರಮೇಯವೇ ಇಲ್ಲ. ಆರೋಗ್ಯವಾಗಿರುವ ಎಂಜಿನ್ ನಮ್ಮ ಚಳಿಯನ್ನು ಚಳಿಯೆಂದೇ ಎಣಿಸದು. ಕೀಲಿ ತಿರುಗಿಸಿದ ಕೂಡಲೆ ಎದ್ದು ನಿಲ್ಲುತ್ತದೆ. ಹಾಗಾದರೆ ಹಳೆಯ ಟ್ರ್ಯಾಕ್ಟರ್ ಏಳದಿರುವುದಕ್ಕೆ ಕೊಣನೂರಿನ ಚಳಿ ಕಾರಣವಲ್ಲ. ರಿಂಗು ಸವೆದಿದೆ, ನಾಝಲ್ ಸೋರುತ್ತಿದೆ, ಬ್ಯಾಟರಿ ಸೋತಿದೆ, ಅದರ ತಲೆಯ ಮೇಲೆ ಹಸಿರು ಕಿಲುಬು ಹಿಡಿದಿದೆ, ಡೀಸೆಲ್ ಪೈಪಿನಲ್ಲಿ ಎಲ್ಲಿಯೋ ಗಾಳಿ ಸೇರುತ್ತಿದೆ. ಹಗಲಿನ ಬಿಸಿಯಲ್ಲಿ ಇವೆಲ್ಲವೂ ಹೇಗೋ ಮುಚ್ಚಿಕೊಂಡಿರುತ್ತವೆ. ಮುಂಜಾವಿನ ಚಳಿಯು ಮುಚ್ಚಿದ್ದನ್ನು ತೆರೆದು ತೋರಿಸುತ್ತದೆ, ಅಷ್ಟೇ. ತೋರಿಸಿದ್ದಕ್ಕೆ ಚಳಿಯನ್ನು ಬಯ್ಯುತ್ತೇವೆ.

ಈಗ ಎಬ್ಬಿಸುವ ಬಗೆಗೆ ಬರೋಣ. ಇದರಲ್ಲಿ ಎರಡು ದಾರಿಗಳಿವೆ. ಒಂದನ್ನು ಸಿದ್ಧತೆಯ ದಾರಿಯೆಂದೂ ಇನ್ನೊಂದನ್ನು ಬಲಾತ್ಕಾರದ ದಾರಿಯೆಂದೂ ಕರೆಯಬಹುದು.

ಸಿದ್ಧತೆಯು ಹಿಂದಿನ ದಿನವೇ ಆರಂಭವಾಗುತ್ತದೆ. ಬ್ಯಾಟರಿಯ ಕಿಲುಬನ್ನು ಬಿಸಿನೀರಿನಿಂದ ತೊಳೆದು, ತಂತಿಗಳನ್ನು ಬಿಗಿಮಾಡಿ, ಮೇಲೆ ಗ್ರೀಸು ಸವರುವುದು. ಫಿಲ್ಟರಿನ ತಳದಲ್ಲಿ ಕೂಡಿದ ನೀರನ್ನು ಇಳಿಸುವುದು. ಚಳಿಗಾಲಕ್ಕೆ ತಕ್ಕಂತೆ ತೆಳ್ಳಗೆ ಹರಿಯುವ ಆಯಿಲು ಹಾಕುವುದು. ಬೆಳಿಗ್ಗೆ ಬಚ್ಚಲಮನೆಯ ಹಂಡೆಯಿಂದ ಒಂದೆರಡು ಬಿಂದಿಗೆ ಕೈಗೆ ತಾಳುವಷ್ಟು ಬಿಸಿಯಾದ ನೀರನ್ನು ರೇಡಿಯೇಟರಿಗೆ ಹಾಕಿದರೆ ಎಂಜಿನ್ನಿನ ಮೈ ಬೆಚ್ಚಗಾಗುತ್ತದೆ. ಕುದಿಯುವ ನೀರನ್ನು ಸುರಿಯಬಾರದು. ತಣ್ಣನೆಯ ಎರಕದ ಕಬ್ಬಿಣ ಬಿರುಕು ಬಿಟ್ಟೀತು. ಹೀಟರ್ ಇರುವ ಎಂಜಿನ್ನಾದರೆ ಕೀಲಿಯನ್ನು ಆ ಸ್ಥಾನಕ್ಕೆ ತಿರುಗಿಸಿ ಇಪ್ಪತ್ತು ಮೂವತ್ತು ಎಣಿಸುವವರೆಗೆ ಕಾಯಬೇಕು. ಸ್ಟಾಪ್ ಗುಂಡಿಯನ್ನು ಎಳೆದುಕೊಂಡು, ಡೀಸೆಲ್ ಹೋಗದಂತೆ ಮಾಡಿ, ಮೊದಲು ಕೆಲವು ಸುತ್ತು ತಿರುಗಿಸಿದರೆ ಆಯಿಲು ಮೇಲಕ್ಕೇರಿ ಬೇರಿಂಗುಗಳಿಗೆ ತಲುಪುತ್ತದೆ. ಕ್ಲಚ್ಚನ್ನು ತುಳಿದುಕೊಂಡೇ ಸೆಲ್ಫ್ ಹೊಡೆದರೆ ಗೇರ್ ಪೆಟ್ಟಿಗೆಯ ಮಂದವಾದ ಎಣ್ಣೆಯನ್ನು ಕಲಕುವ ಭಾರವೂ ತಪ್ಪುತ್ತದೆ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯದೆ, ಏಳದಿದ್ದರೆ ಒಂದು ನಿಮಿಷ ಬ್ಯಾಟರಿಗೆ ಉಸಿರಾಡಲು ಬಿಟ್ಟು, ಮತ್ತೆ ಪ್ರಯತ್ನಿಸಬೇಕು. ಎದ್ದ ಮೇಲೂ ಕೂಡಲೆ ಥ್ರಾಟಲ್ ಎಳೆಯದೆ, ಆಯಿಲ್ ಮುಳ್ಳು ಮೇಲೆ ಬಂದುದನ್ನು ನೋಡಿಕೊಂಡು, ಕೆಲವು ನಿಮಿಷ ಹದವಾದ ಓಟದಲ್ಲಿ ಬಿಡಬೇಕು. ಎಲ್ಲ ಸೇರಿ ಕಾಲು ಗಂಟೆಯ ಕೆಲಸ.

ಹಿಂದಿನ ಯಂತ್ರಗಳನ್ನು ಮಾಡಿದವರು ಈ ಕಾಯುವಿಕೆಯನ್ನು ಯಂತ್ರದೊಳಗೇ ಇಟ್ಟುಬಿಟ್ಟಿದ್ದರು. ಜರ್ಮನಿಯ ಲಾಂಜ್ ಬುಲ್‌ಡಾಗ್ ಎಂಬ ಟ್ರ್ಯಾಕ್ಟರ್ 1921ರಲ್ಲಿ ಬಂದಿತು. ಅದರ ಮೂತಿಯನ್ನು ಊದುದೀಪದ ಜ್ವಾಲೆಯಿಂದ ಹಲವು ನಿಮಿಷ ಕಾಯಿಸಿ, ಸ್ಟೀರಿಂಗ್ ಚಕ್ರವನ್ನೇ ಕಳಚಿ ಪಕ್ಕಕ್ಕೆ ಸಿಕ್ಕಿಸಿ, ಕೈಯಿಂದ ತಿರುಗಿಸಿದ ಹೊರತು ಅದು ಏಳುತ್ತಿರಲಿಲ್ಲ. ಅಮೆರಿಕದ ಕ್ಯಾಟರ್‌ಪಿಲ್ಲರಿನವರು 1930ರ ದಶಕದಲ್ಲಿ ದೊಡ್ಡ ಡೀಸೆಲ್ ಎಂಜಿನ್ನನ್ನು ಎಬ್ಬಿಸಲು ಪಕ್ಕದಲ್ಲಿ ಒಂದು ಪುಟ್ಟ ಪೆಟ್ರೋಲ್ ಎಂಜಿನ್ನನ್ನೇ ಕೂರಿಸಿದ್ದರು. ನಮ್ಮ ತೋಟಗಳ ಬಾವಿಯ ಮೇಲಿದ್ದ ಹಳೆಯ ಡೀಸೆಲ್ ಪಂಪುಗಳಲ್ಲಿಯೂ ವಾಲ್ವನ್ನು ಎತ್ತಿಹಿಡಿಯುವ ಸಣ್ಣ ಲಿವರ್ ಒಂದಿರುತ್ತಿತ್ತು. ಅದನ್ನು ಎತ್ತಿ, ಹ್ಯಾಂಡಲ್ ಹಾಕಿ ತಿರುಗಿಸಿ, ಚಕ್ರಕ್ಕೆ ವೇಗ ಬಂದ ಮೇಲೆ ಲಿವರನ್ನು ಬಿಟ್ಟರೆ ಎಂಜಿನ್ ಟಕ್ ಟಕ್ ಎಂದು ಹೊರಡುತ್ತಿತ್ತು. ಕಾಯದೆ ಇದ್ದರೆ ಆ ಯಂತ್ರಗಳು ನಡೆಯುತ್ತಲೇ ಇರಲಿಲ್ಲ. ಆದ್ದರಿಂದ ತಾಳ್ಮೆಯುಳ್ಳವನಿಗೂ ಇಲ್ಲದವನಿಗೂ ಅಲ್ಲಿ ಭೇದವಿರಲಿಲ್ಲ. ಕೀಲಿ ಬಂದ ಮೇಲೆ ಕಾಯುವುದು ಅವರವರ ಇಚ್ಛೆಗೆ ಬಿಟ್ಟ ವಿಷಯವಾಯಿತು. ಇಚ್ಛೆಗೆ ಬಿಟ್ಟ ವಿಷಯವಾದುದರಿಂದಲೇ ಅದು ಧರ್ಮಾಧರ್ಮದ ವಿಷಯವೂ ಆಯಿತು.

ಬಲಾತ್ಕಾರದ ದಾರಿಯನ್ನು ವಿವರಿಸಬೇಕಾಗಿಲ್ಲ, ಎಲ್ಲರಿಗೂ ಗೊತ್ತು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಗಾಳಿಯ ಬಾಯಿಗೆ ಹಿಡಿಯುವುದು, ಕೆಲವರು ಆ ಬಟ್ಟೆಗೆ ಬೆಂಕಿಯನ್ನೇ ಹೊತ್ತಿಸಿ ಹಿಡಿಯುವುದು, ಚೇಂಬರಿನ ಕೆಳಗೆ ಒಣಗಿದ ತೆಂಗಿನ ಗರಿ ಉರಿಸುವುದು, ಈಥರ್ ಸಿಂಪಡಿಸುವುದು, ಇನ್ನೊಂದು ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಸುವುದು, ಸಂಜೆಯೇ ಇಳಿಜಾರಿನ ಮೇಲೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಬೆಳಿಗ್ಗೆ ಕಲ್ಲನ್ನು ಎಳೆದು ಉರುಳಿಸಿ ಗೇರಿಗೆ ಹಾಕುವುದು. ಇವುಗಳಲ್ಲಿ ಕೆಲವು ಮನುಷ್ಯರ ಮೈಗೇ ಅಪಾಯ. ಹೀಟರ್ ಕಾದಿರುವಾಗ ಈಥರ್ ಬಿಟ್ಟರೆ ಅದು ಒಳಹೋಗುವ ಕೊಳವೆಯಲ್ಲಿಯೇ ಸಿಡಿಯುತ್ತದೆ. ಊರ ಓಣಿಯ ಇಳಿಜಾರಿನಲ್ಲಿ ಬ್ರೇಕಿನ ಭರವಸೆಯಿಲ್ಲದ ಹಳೆಯ ಗಾಡಿಯನ್ನು ಉರುಳಿಬಿಡುವವನು ತನ್ನ ಕಾಲು ಗಂಟೆಯನ್ನು ಉಳಿಸಿಕೊಳ್ಳಲು ಎದುರು ಮನೆಯ ಮಗುವಿನ ಜೀವವನ್ನು ಪಣಕ್ಕಿಡುತ್ತಾನೆ. ಇವುಗಳ ಬಗೆಗೆ ಚರ್ಚೆಗೆ ಆಸ್ಪದವಿಲ್ಲ, ತಪ್ಪೆಂದರೆ ತಪ್ಪು.

ಚರ್ಚೆಗೆ ಅರ್ಹವಾದುದು ಯಾರಿಗೂ ಏನೂ ಆಗದಂತೆ ತೋರುವ ಬಲಾತ್ಕಾರ. ಬಟ್ಟೆ ಹಿಡಿದರು, ಎಂಜಿನ್ ದಡದಡನೆ ಬಡಿದುಕೊಂಡು ಎದ್ದಿತು, ಥ್ರಾಟಲ್ ಪೂರ್ತಿ ಎಳೆದರು, ಗಾಡಿ ಹೊಲಕ್ಕೆ ಹೋಯಿತು. ಯಾರಿಗೆ ಏನಾಯಿತು? ಆದುದು ಒಳಗೆ. ರಾತ್ರಿಯೆಲ್ಲ ಆಯಿಲು ಚೇಂಬರಿಗೆ ಇಳಿದಿರುತ್ತದೆ. ಮೊದಲ ಕೆಲವು ಸೆಕೆಂಡುಗಳಲ್ಲಿ ಲೋಹಕ್ಕೂ ಲೋಹಕ್ಕೂ ನಡುವೆ ಸಾಕಷ್ಟು ಎಣ್ಣೆಯಿರುವುದಿಲ್ಲ. ಸುಡದೆ ಉಳಿದ ಡೀಸೆಲ್ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿದ್ದ ಎಣ್ಣೆಯ ಪೊರೆಯನ್ನು ತೊಳೆದು ಕೆಳಗಿಳಿಸಿ, ಚೇಂಬರಿನ ಆಯಿಲನ್ನೂ ತೆಳುವಾಗಿಸುತ್ತದೆ. ಈಥರ್ ಪೆಟ್ರೋಲುಗಳು ಹೊತ್ತಬೇಕಾದ ಗಳಿಗೆಗಿಂತ ಮೊದಲೇ ಹೊತ್ತಿಕೊಂಡು ಮೇಲೇರುತ್ತಿರುವ ಪಿಸ್ಟನ್ನಿನ ತಲೆಗೆ ಹೊಡೆಯುತ್ತವೆ. ತಣ್ಣನೆಯ ಸಿಲಿಂಡರಿನಲ್ಲಿ ಹೊಗೆಯ ಗಂಧಕಾಂಶವು ನೀರಿನೊಡನೆ ಬೆರೆತು ಆಮ್ಲವಾಗಿ ಗೋಡೆಯನ್ನು ತಿನ್ನುತ್ತದೆ. ಎಂಜಿನ್ ಕಾಯದಂತಿರಲೆಂದು ಥರ್ಮೋಸ್ಟಾಟನ್ನೇ ಕಿತ್ತು ಎಸೆಯುವ ಪದ್ಧತಿಯೊಂದು ಹಲವರಲ್ಲಿದೆ. ಹಾಗೆ ಮಾಡಿದ ಎಂಜಿನ್ ಅರ್ಧ ದಿನ ದುಡಿದರೂ ಬೆಚ್ಚಗಾಗದೆ, ಈ ತಿನ್ನುವಿಕೆಯು ಬೆಳಗಿನ ಹೊತ್ತಿಗೆ ಮಾತ್ರ ಸೀಮಿತವಾಗದೆ ದಿನವಿಡೀ ನಡೆಯುತ್ತದೆ. ಒಂದು ದಿನದ ಸವೆತವನ್ನು ಯಾವ ಅಳತೆಗೋಲಿನಿಂದಲೂ ನಮ್ಮ ಮೆಕ್ಯಾನಿಕನು ಅಳೆಯಲಾರನು. ನೂರು ಮುಂಜಾವುಗಳ ಸವೆತವು ಮಾತ್ರ ಹೊಗೆಯಾಗಿ ಕಾಣುತ್ತದೆ.

ಯಂತ್ರಕ್ಕೆ ಅನ್ಯಾಯ ಮಾಡಬಹುದೇ ಎಂದು ಕೇಳುವವರಿದ್ದಾರೆ. ನನ್ನ ಮಟ್ಟಿಗೆ ಇಲ್ಲ, ಕಬ್ಬಿಣಕ್ಕೆ ನೋವಿಲ್ಲ. ಆದರೆ ಎತ್ತು ಕಟ್ಟಿ ಉಳುತ್ತಿದ್ದ ಕಾಲಕ್ಕೂ ಈಗಿನ ಕಾಲಕ್ಕೂ ಇರುವ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಎತ್ತಿನ ಹೆಗಲು ಕೆತ್ತಿಹೋದರೆ ಕಣ್ಣಿಗೆ ಕಾಣುತ್ತಿತ್ತು. ಹೊಡೆತ ಹೆಚ್ಚಾದರೆ ಅದು ಮಲಗಿಬಿಡುತ್ತಿತ್ತು. ದಾರಿಯಲ್ಲಿ ಹೋಗುವ ಮುದುಕಿಯೂ ನಿಂತು ಗದರಿಸುತ್ತಿದ್ದಳು. ಅಂದರೆ ತಪ್ಪನ್ನು ತಿಳಿಸುವ ಕೆಲಸವನ್ನು ಆ ಜೀವವೇ ಮಾಡುತ್ತಿತ್ತು. ಯಂತ್ರವು ಹಾಗೆ ತಿಳಿಸುವುದಿಲ್ಲ. ಅದರ ಗಾಯವನ್ನು ನೋಡಲು ಕಣ್ಣು ಸಾಲದು, ತಿಳಿವಳಿಕೆ ಬೇಕು. ಎತ್ತಿನ ವಿಷಯದಲ್ಲಿ ಕರುಣೆಯೊಂದಿದ್ದರೆ ಸಾಕಾಗುತ್ತಿದ್ದ ಕಡೆ ಎಂಜಿನ್ನಿನ ವಿಷಯದಲ್ಲಿ ಅರಿವೂ ಬೇಕಾಗಿದೆ. ಅರಿಯದೆ ಮಾಡಿದೆನೆಂಬ ಮಾತಿಗೆ ಹಿಂದಿನಷ್ಟು ಬೆಲೆ ಈಗ ಉಳಿದಿಲ್ಲವೆಂದೇ ನನಗೆ ತೋರುತ್ತದೆ.

ಬೆಳಗಿನ ಬಲಾತ್ಕಾರಕ್ಕೆ ಡ್ರೈವರನನ್ನು ದೂರುವುದು ರೂಢಿ. ಅದು ಅರ್ಧ ಸತ್ಯ. ಕೂಲಿಯ ಡ್ರೈವರನು ಐದೂವರೆಗೆ ಬಂದು ಹಂಡೆಯ ನೀರಿಗೆ ಕಾದು ನಿಂತರೆ ಆ ಹೊತ್ತಿಗೆ ಅವನಿಗೆ ಕೂಲಿಯಿಲ್ಲ. ಗಾಡಿ ಹೊರಟ ಮೇಲೆಯೇ ಲೆಕ್ಕ. ಹೊಸ ಬ್ಯಾಟರಿ ಬೇಕೆಂದು ಅವನು ದೀಪಾವಳಿಯಿಂದ ಹೇಳುತ್ತಿರುತ್ತಾನೆ. ಯಜಮಾನನು 'ಈ ಸುಗ್ಗಿ ಕಳೆಯಲಿ' ಎನ್ನುತ್ತಿರುತ್ತಾನೆ. ಆ ಮೇಲೆ ಗಾಡಿ ಏಳದ ಬೆಳಿಗ್ಗೆ ಅದೇ ಯಜಮಾನನು ಜಗಲಿಯಿಂದ ಕೂಗಿ ಹತ್ತು ಜನರೆದುರು ಅವನನ್ನು ಸೋಮಾರಿಯೆನ್ನುತ್ತಾನೆ. ಬಟ್ಟೆಗೆ ಪೆಟ್ರೋಲ್ ಸುರಿದ ಕೈ ಡ್ರೈವರನದೇ ಇರಬಹುದು. ಸುರಿಸಿದ ನಾಲಗೆ ಯಾರದು? ಕೆಲಸಕ್ಕೆ ಬೇಕಾದ ಸಾಧನವನ್ನೂ ಸಮಯವನ್ನೂ ಕೊಡದೆ ಫಲವನ್ನು ಮಾತ್ರ ಕೇಳುವವನ ಪಾಲು ಇಲ್ಲಿ ಹೆಚ್ಚಿನದೆಂದು ಹೇಳಲು ನಾನು ಹಿಂಜರಿಯುವುದಿಲ್ಲ.

ಆದರೆ ಯಜಮಾನನು ಹಾಳುಮಾಡಿಕೊಳ್ಳುವುದು ತನ್ನದೇ ಸ್ವತ್ತನ್ನಲ್ಲವೇ, ಅದರಿಂದ ಇತರರಿಗೇನು ಎಂಬ ಪ್ರಶ್ನೆ ಏಳುತ್ತದೆ. ಮೇಲುನೋಟಕ್ಕೆ ಇದು ಸರಿಯಾದ ಪ್ರಶ್ನೆ. ಟ್ರ್ಯಾಕ್ಟರಿನ ಆಯುಷ್ಯವು ಒಬ್ಬ ಯಜಮಾನನೊಂದಿಗೆ ಮುಗಿಯುವುದಾದರೆ ಅವನು ಮಾಡಿದುದನ್ನು ಅವನೇ ಉಣ್ಣುತ್ತಾನೆಂದು ಸುಮ್ಮನಿರಬಹುದಿತ್ತು. ಆದರೆ ಹೊಸ ಟ್ರ್ಯಾಕ್ಟರನ್ನು ಕೊಳ್ಳುವವನು ಹೆಚ್ಚು ಜಮೀನಿನವನು. ಹೊಗೆ ಕಾಣುವ ಮೊದಲೇ ಅವನು ಅದನ್ನು ಮಾರಿ ಇನ್ನೊಂದನ್ನು ತರುತ್ತಾನೆ. ಎರಡನೆಯವನು ಮಧ್ಯಮದವನು. ಮೂರನೆಯವನು ಎರಡು ಮೂರು ಎಕರೆಯವನು. ಹೊಗೆಸೊಪ್ಪಿನ ಹಣ ಕೈಗೆ ಬಂದ ತಿಂಗಳಲ್ಲಿ, ಸಾಲದ್ದೂ ಕೂಡಿಸಿ, ಬಾಡಿಗೆ ಉಳುಮೆ ಮಾಡಿ ಬದುಕಬಹುದೆಂಬ ಆಸೆಯಿಂದ ಕೊಳ್ಳುತ್ತಾನೆ. ಯಂತ್ರವು ಕೈಯಿಂದ ಕೈಗೆ ಹೋದಂತೆಲ್ಲ ಅದರ ಬೆಲೆ ಇಳಿಯುತ್ತದೆ, ಒಳಗಿನ ಸವೆತ ಏರುತ್ತದೆ, ಕೊಳ್ಳುವವನ ಕೈಯ ಬಲವೂ ಇಳಿಯುತ್ತದೆ. ನೀರು ತಗ್ಗಿಗೆ ಹರಿಯುವಂತೆ, ಎಲ್ಲ ಯಜಮಾನರ ಎಲ್ಲ ಅವಸರದ ಬೆಳಗುಗಳೂ ಒಟ್ಟುಗೂಡಿ ಕೊನೆಯ ಬಡವನ ಅಂಗಳಕ್ಕೆ ಬಂದು ನಿಲ್ಲುತ್ತವೆ. ಅವನು ಕೊಂಡ ಮೊದಲ ಮಾಗಿಯಲ್ಲಿಯೇ ಎಂಜಿನ್ ಬೋರಿಗೆ ಬರುತ್ತದೆ.

ಕೊಳ್ಳುವವನು ನೋಡಿ ಕೊಳ್ಳಬಾರದೆ? ದನಗಳ ಜಾತ್ರೆಯಲ್ಲಿ ಎತ್ತಿನ ಬಾಯಿ ತೆರೆಸಿ ಹಲ್ಲು ನೋಡುತ್ತಿದ್ದೆವು, ಸುಳಿ ನೋಡುತ್ತಿದ್ದೆವು, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಿದ್ದೆವು. ಹಳೆಯ ಟ್ರ್ಯಾಕ್ಟರಿಗೂ ನೋಡಬೇಕಾದ ಹಲ್ಲೊಂದಿದೆ. ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ ಮುಂಜಾನೆ ಮೊದಲ ಬಾರಿಗೆ ಹೇಗೆ ಏಳುತ್ತದೆಂಬುದೇ ಆ ಹಲ್ಲು. ಎಷ್ಟು ಹೊತ್ತು ಸೆಲ್ಫ್ ಹೊಡೆಯಬೇಕಾಯಿತು, ಯಾವ ಬಣ್ಣದ ಹೊಗೆ ಬಂದಿತು, ಎಷ್ಟು ಹೊತ್ತು ಕುಂಟಿತು ಎಂಬುದನ್ನು ನೋಡಿದವನಿಗೆ ಅದರ ಒಳಗಿನ ಸ್ಥಿತಿ ಬಹಳಮಟ್ಟಿಗೆ ತಿಳಿಯುತ್ತದೆ. ಇದು ಮಾರುವವನಿಗೂ ಗೊತ್ತು. ಆದ್ದರಿಂದ ಅವನು ಕೊಳ್ಳುವವನು ಬರುವುದಕ್ಕೆ ಒಂದು ಗಂಟೆ ಮೊದಲೇ ಹೇಗಾದರೂ ಮಾಡಿ ಎಂಜಿನ್ ಎಬ್ಬಿಸಿ, ಚೆನ್ನಾಗಿ ಕಾಯಿಸಿ, ನಿಲ್ಲಿಸಿಟ್ಟಿರುತ್ತಾನೆ. ಅತಿಥಿಗೆ ಕಾಫಿ ಕೊಟ್ಟು, 'ನೋಡಿ ಸ್ವಾಮಿ' ಎಂದು ಕೀಲಿ ತಿರುಗಿಸಿದರೆ ಅದು ಅರ್ಧ ಸುತ್ತಿಗೆ ಎದ್ದು ನಿಲ್ಲುತ್ತದೆ. ತಿಳಿದವರು ಮಾತಿಗೆ ಮೊದಲು ಬಾನೆಟ್ಟಿನ ಕೆಳಗೆ ಕೈಯಿಟ್ಟು, ಕಬ್ಬಿಣ ತಣ್ಣಗಿದೆಯೇ ಎಂದು ನೋಡುತ್ತಾರೆ. ತಿಳಿಯದವರು ಹಣ ಎಣಿಸುತ್ತಾರೆ.

ಇಲ್ಲಿ ಸುಳ್ಳು ಎಲ್ಲಿದೆ? ಮಾರಿದವನು 'ಬೆಳಿಗ್ಗೆಯೂ ಹೀಗೆಯೇ ಏಳುತ್ತದೆ' ಎಂದು ಹೇಳಲಿಲ್ಲ. ಕೊಂಡವನೂ ಕೇಳಲಿಲ್ಲ. ಇದು ಹೊಸ ವಾದವಲ್ಲ. ರೋಮಿನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ, ಅಥೆನ್ಸಿನಲ್ಲಿ ಓದುತ್ತಿದ್ದ ತನ್ನ ಮಗನಿಗಾಗಿ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇಂತಹ ಪ್ರಶ್ನೆಯೊಂದನ್ನು ಎತ್ತಿಕೊಂಡಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಒಬ್ಬ ವರ್ತಕನು ಧಾನ್ಯದ ಹಡಗಿನೊಡನೆ ಅಲ್ಲಿಗೆ ಮೊದಲು ತಲುಪುತ್ತಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ಅವನು ಕಣ್ಣಾರೆ ಕಂಡಿದ್ದಾನೆ. ಅದನ್ನು ಊರವರಿಗೆ ಹೇಳಿದರೆ ಬೆಲೆ ಇಳಿಯುತ್ತದೆ. ಹೇಳದಿದ್ದರೆ ಒಳ್ಳೆಯ ಲಾಭ. ಹೇಳಬೇಕೆ, ಬೇಡವೆ? ಬ್ಯಾಬಿಲೋನಿನ ಡಯೋಜಿನೀಸ್ ಎಂಬ ತತ್ತ್ವಜ್ಞಾನಿಯ ಪಕ್ಷ, ಕಾನೂನು ಕೇಳುವಷ್ಟನ್ನು ಹೇಳಿದರೆ ಸಾಕು, ಸುಮ್ಮನಿರುವುದು ಬಚ್ಚಿಡುವುದಲ್ಲ ಎಂದು. ಅವನ ಶಿಷ್ಯ ಆಂಟಿಪೇಟರನ ಪಕ್ಷ, ಮಾರುವವನಿಗೆ ತಿಳಿದುದೆಲ್ಲ ಕೊಳ್ಳುವವನಿಗೂ ತಿಳಿಯಬೇಕು ಎಂದು. ಗುರುವಿಗಿಂತ ಶಿಷ್ಯನ ಮಾತೇ ಸಿಸೆರೊವಿಗೆ ಒಪ್ಪಿಗೆಯಾಗುತ್ತದೆ.

ನಮ್ಮ ದೇಶದ 1872ರ ಕರಾರು ಕಾಯಿದೆಯೂ ಇದನ್ನು ಕುರಿತು ಯೋಚಿಸಿದೆ. ಅದರ 17ನೆಯ ವಿಧಿ ವಂಚನೆಯನ್ನು ಕುರಿತದ್ದು. ಕುದುರೆಗೆ ರೋಗವಿರುವುದನ್ನು ತಿಳಿದೂ ಹರಾಜಿನಲ್ಲಿ ಏನೂ ಹೇಳದೆ ಮಾರಿದವನು ವಂಚಕನಲ್ಲವೆಂದು ಅಲ್ಲಿ ಉದಾಹರಣೆ ಕೊಟ್ಟಿದೆ. ಇಷ್ಟನ್ನು ಓದಿ ನಮ್ಮ ಟ್ರ್ಯಾಕ್ಟರ್ ಮಾರುವವನು ಸಮಾಧಾನ ಪಟ್ಟುಕೊಳ್ಳಬಹುದು. ಆದರೆ ಕೊಳ್ಳುವವಳು ಈಗತಾನೇ ಪ್ರಾಯಕ್ಕೆ ಬಂದ ಸ್ವಂತ ಮಗಳಾದರೆ ಹೇಳಲೇಬೇಕೆಂದು ಅದೇ ಕಾಯಿದೆ ಹೇಳುತ್ತದೆ. 'ನೀನು ಅಲ್ಲಗಳೆಯದಿದ್ದರೆ ಕುದುರೆ ಸರಿಯಾಗಿದೆಯೆಂದು ತಿಳಿಯುತ್ತೇನೆ' ಎಂದು ಕೊಳ್ಳುವವನು ಹೇಳಿದ ಮೇಲೆಯೂ ಮೌನವಾಗಿದ್ದರೆ ಆ ಮೌನವೇ ಮಾತಾಗುತ್ತದೆಂದೂ ಹೇಳುತ್ತದೆ. ಇದಕ್ಕಿಂತ ಮುಖ್ಯವಾಗಿ, ತಿಳಿದಿರುವ ಸಂಗತಿಯನ್ನು ಕ್ರಿಯೆಯಿಂದ ಮರೆಮಾಡುವುದನ್ನು ಅದು ಬರಿಯ ಮೌನದ ಸಾಲಿಗೆ ಸೇರಿಸದೆ ವಂಚನೆಯ ಸಾಲಿಗೇ ಸೇರಿಸಿದೆ. ಬೆಳಿಗ್ಗೆ ಎದ್ದು ಎಂಜಿನ್ ಕಾಯಿಸಿಡುವುದು ಮೌನವೇ, ಕ್ರಿಯೆಯೇ? ವಕೀಲರು ಹೇಗಾದರೂ ವಾದಿಸಲಿ. ಕೊಳ್ಳುವವನು ನೋಡಬೇಕಾಗಿದ್ದ ಹಲ್ಲನ್ನು ಕೈಯಾರೆ ಮುಚ್ಚಿದುದಕ್ಕೆ ಮೌನವೆಂಬ ಹೆಸರು ಒಪ್ಪುವುದಿಲ್ಲವೆಂದು ನನಗನ್ನಿಸುತ್ತದೆ. ಕೊಣನೂರಿನಂತಹ ಕಡೆ ಕೊಳ್ಳುವವನು ಅಪರಿ‍ಚಿತನೂ ಅಲ್ಲ. ಅವನು ಪಕ್ಕದ ಹಳ್ಳಿಯವನು, ಅನೇಕ ವೇಳೆ ನೆಂಟನು, ಒಂದೇ ಮಠದ ಪ್ರಸಾದನಿಲಯದಲ್ಲಿ ಜೊತೆಗೆ ಉಂಡು ಓದಿದವನು. ಮಗಳಿಗೆ ಹೇಳಬೇಕಾದುದನ್ನು ಅವನಿಗೆ ಹೇಳದಿರಲು ಯಾವ ಆಧಾರವಿದೆಯೋ ನನಗೆ ತೋರದು.

ಬಲಾತ್ಕಾರವನ್ನು ಯಾವಾಗಲೂ ಮಾಡಲೇಬಾರದೆಂದು ಹೇಳುವಷ್ಟು ನಿಷ್ಠುರನು ನಾನಲ್ಲ. ಮಾರ್ಗಶಿರದಲ್ಲಿ ಬಂಗಾಳಕೊಲ್ಲಿಯ ಕಡೆಯಿಂದ ಮೋಡ ಕವಿದು ಬರುತ್ತದೆ. ಕೊಯ್ದ ಭತ್ತ ಗದ್ದೆಯಲ್ಲಿ ಹರಡಿಕೊಂಡಿದೆ. ಎರಡು ಗಂಟೆಯೊಳಗೆ ಸಾಗಿಸದಿದ್ದರೆ ವರ್ಷದ ಅನ್ನ ಮೊಳಕೆಯೊಡೆಯುತ್ತದೆ. ಆ ಹೊತ್ತಿನಲ್ಲಿ ಹಂಡೆ ಕಾಯಲಿ ಎಂದು ಕುಳಿತುಕೊಳ್ಳುವುದು ವಿವೇಕವಲ್ಲ. ಸರಪಳಿ ಕಟ್ಟಿ ಎಳೆಸಲಿ; ಎಂಜಿನ್ನಿಗಿಂತ ಅನ್ನ ದೊಡ್ಡದು. ಆದರೆ ಆಪತ್ತಿನ ದಿನದ ಉಪಾಯವು ದಿನದಿನದ ಪದ್ಧತಿಯಾಗುವುದು ಬಹಳ ಸುಲಭ. ಪ್ರತಿಯೊಂದು ಬೆಳಗೂ ಆಪತ್ತಿನ ಬೆಳಗಾಗಿದ್ದರೆ ಅದು ಮೋಡದ ದೋಷವಲ್ಲ, ಬ್ಯಾಟರಿಯದು. ಇನ್ನೊಂದು ಮಾತು. ಅನಿವಾರ್ಯವಾಗಿ ಮಾಡಿದ್ದನ್ನು ಹೇಳಿಕೊಳ್ಳಲು ನಾಚಿಕೆ ಬೇಕಿಲ್ಲ. ಆಯಿಲು ಬದಲಿಸಿದ ದಿನ, ನಾಝಲ್ ಮಾಡಿಸಿದ ದಿನ, ಎಳೆಸಿ ಎಬ್ಬಿಸಿದ ದಿನ ಎಲ್ಲವನ್ನೂ ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟು, ಗಾಡಿಯೊಡನೆ ಆ ಪುಸ್ತಕವನ್ನೂ ಕೊಡುವ ಪದ್ಧತಿ ಬಂದರೆ ಎಷ್ಟೋ ಮನೆಗಳ ಸಾಲ ತಪ್ಪೀತು. ಹಸುವನ್ನು ಮಾರುವಾಗ ಅದು ಎಷ್ಟನೆಯ ಕರುವಿನದು, ಯಾವ ಕಾಲಿನಿಂದ ಒದೆಯುತ್ತದೆ ಎಂದು ಹೇಳಿ ಹಗ್ಗ ಕೈಗೆ ಕೊಡುವ ಜನ ಈಗಲೂ ಇದ್ದಾರೆ.

ಹೀಗೆ ಮಾಡುವವನಿಗೆ ನಷ್ಟವಾಗುತ್ತದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 'ಇಂದು ಬೇಡ, ನಾಳೆ ಬೆಳಿಗ್ಗೆ ಆರಕ್ಕೆ ಬನ್ನಿ, ತಣ್ಣಗಿರುವಾಗಲೇ ನೀವೇ ಸ್ಟಾರ್ಟ್ ಮಾಡಿ ನೋಡಿ' ಎಂದು ಹೇಳಿದ ಯಜಮಾನನಿಗೆ ನೆರೆಯವನಿಗೆ ಸಿಕ್ಕಷ್ಟು ಬೆಲೆ ಸಿಗುವುದಿಲ್ಲ. ಅವನ ಹೆಂಡತಿ ಮಕ್ಕಳು ಅವನನ್ನು ಲೋಕಜ್ಞಾನವಿಲ್ಲದವನೆಂದು ಆಡಿಕೊಳ್ಳಲೂಬಹುದು. ರಿಂಗು, ಬೋರು, ನಾಝಲ್ ಎಲ್ಲವನ್ನೂ ತಾನೇ ಮಾಡಿಸಿ ಪೂರ್ತಿ ಬೆಲೆಗೆ ಮಾರಬಹುದಲ್ಲವೇ ಎಂದರೆ ಅದಕ್ಕೂ ಕೈಯಲ್ಲಿ ಹಣವಿರಬೇಕು. ಕೆಲಸಕ್ಕೆ ತಗಲುವ ವೆಚ್ಚವನ್ನು ಮೆಕ್ಯಾನಿಕನಿಂದಲೇ ಕೇಳಿ ತಿಳಿದು, ಅಷ್ಟನ್ನು ಬೆಲೆಯಲ್ಲಿ ಇಳಿಸಿ ಕೊಡುವುದು ನಡುವಿನ ದಾರಿ. ಕೊಳ್ಳುವವನು ಆ ಹಣದಿಂದ ಸುಗ್ಗಿಗೆ ಮೊದಲೇ ಎಂಜಿನ್ ಬಿಚ್ಚಿಸಿಕೊಳ್ಳಬಹುದು. ಈ ಇಳಿಸಿದ ಮೊತ್ತದಲ್ಲಿ ಎಷ್ಟು ಭಾಗವು ತನ್ನ ಅವಸರದ ಬೆಳಗುಗಳದು, ಎಷ್ಟು ಭಾಗವು ತನಗೆ ಕಾಯಿಸಿದ ಎಂಜಿನ್ನನ್ನು ತೋರಿಸಿ ಮಾರಿದ ಹಿಂದಿನವನದು ಎಂದು ಬೇರ್ಪಡಿಸುವ ಲೆಕ್ಕ ಯಾರ ಬಳಿಯೂ ಇಲ್ಲ. ಹಿಂದಿನವನನ್ನು ಹುಡುಕಿಕೊಂಡು ಹೋಗಿ ಕೇಳುವಂತೆಯೂ ಇಲ್ಲ. ಆ ಭಾಗವನ್ನು ಯಾರಾದರೊಬ್ಬರು ತೆರಬೇಕಾಗುತ್ತದೆ. ಕೊನೆಯವನು ತೆರುವುದಕ್ಕೆ ಮೊದಲು ನಡುವಿನ ಯಾರು ತೆರಬೇಕೆಂಬುದನ್ನು ಓದುಗರೇ ಯೋಚಿಸಬೇಕು.